ಕಲ್ಲು ಮಗುಚಿ ನೋಡಿ: ಹಳ್ಳದ ಆರೋಗ್ಯ ಅಳೆಯಲು ಕಲಿತ ಕತೆ

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ. ಓದುವ ಅನುಕೂಲಕ್ಕಾಗಿ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೂತಿರೋ ನಿಮಗೆ ಇವತ್ತು ಒಂದು ಹಳ್ಳದ ಕತೆ ಹೇಳ್ತೀನಿ. ಹಳ್ಳ ಅಂದ್ರೆ ಊರಲ್ಲ, ನೀರು ಹರಿಯೋ ಹಳ್ಳ. ಇದಕ್ಕೆ ಮ್ಯಾಪಲ್ಲಿ ಹೆಸರಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳ್ಳಿಗೆ ಹತ್ತಿರ, ನಮ್ಮ ಅಜ್ಜಿಮನೆ ತೋಟದ ಪಕ್ಕ ಹರಿಯುತ್ತೆ. ಮೇಲೆ ಕಾನು, ಕೆಳಗೆ ಅಡಿಕೆ ತೋಟ, ಅದರ ಕೆಳಗೆ ಗದ್ದೆ. ಕೊನೆಗೆ ಸುತ್ತಿ ಬಳಸಿ ತುಂಗೆಗೆ ಸೇರುತ್ತೆ.

ಹೋದ ಫೆಬ್ರವರಿಯಲ್ಲಿ ಆ ಹಳ್ಳದ ನೀರನ್ನು ಬಾಟಲಿಗೆ ತುಂಬಿಸಿ ಒಂದು ಲ್ಯಾಬಿಗೆ ಕೊಟ್ಟಿದ್ದೆ. ವರದಿ ಚೆನ್ನಾಗೇ ಬಂತು. ಪಿಎಚ್ ಸರಿಯಿದೆ, ಬಿಒಡಿ 2ಕ್ಕಿಂತ ಕಡಿಮೆ, ಕಾಯಿಸಿ ಕುಡೀರಿ ಅಂದ್ರು. ಖುಷಿಯಿಂದ ಅಜ್ಜಿಗೆ ಓದಿ ಹೇಳಿದೆ. ಅಜ್ಜಿ ಎಲೆಅಡಿಕೆ ಕುಟ್ಟುತ್ತಾ ಕೇಳಿಸಿಕೊಂಡು, ಕೊನೆಗೆ ಒಂದೇ ಮಾತು ಕೇಳಿದ್ರು: "ಅದೆಲ್ಲ ಸರಿ ಮಾರಾಯ, ಏಡಿ ಎಂತಕ್ಕೆ ಇಲ್ಲ ಅಂತ ಬರೆದಿದಾರಾ?"

ಬರೆದಿರಲಿಲ್ಲ. ಒಂದು ಹಳ್ಳ ಆರೋಗ್ಯವಾಗಿದೆ ಅಂತ ಹೇಳೋದು ಯಾರು, ಯಾವ ಅಳತೆಯಿಂದ? ಆ ಅಳತೆಗಳು ಎಲ್ಲಿಂದ ಬಂದವು? ಈ ಸಂಚಿಕೆ ಅಜ್ಜಿಯ ಆ ಪ್ರಶ್ನೆಯ ಬೆನ್ನು ಹತ್ತಿ ಹೋದದ್ದು.

ಅಜ್ಜಿಯ ಅಳತೆ

ಮೊದಲು ಹಳೇ ಅಳತೆ ನೋಡೋಣ. ಮಲೆನಾಡಲ್ಲಿ ನೀರು ಹೇಗಿದೆ ಅನ್ನೋದನ್ನ ಬಾಯಲ್ಲಿ ಅಳೀತಿದ್ರು. "ತುಂಗಾ ಪಾನ, ಗಂಗಾ ಸ್ನಾನ" ಅನ್ನೋ ಮಾತು ನೀವೂ ಕೇಳಿರ್ತೀರಿ. ಕುಡಿಯೋಕೆ ತುಂಗೆ, ಮೀಯೋಕೆ ಗಂಗೆ. ಯೋಚನೆ ಮಾಡಿದ್ರೆ ಇದೂ ಒಂಥರ ವರ್ಗೀಕರಣವೇ. ಯಾವ ನೀರು ಯಾವ ಉಪಯೋಗಕ್ಕೆ ಅಂತ ನಮ್ಮ ಹಿರಿಯರು ಗಾದೆಯಲ್ಲೇ ಹೇಳಿಬಿಟ್ಟಿದ್ರು.

ಇನ್ನೊಂದು ಅಳತೆ ಹಳ್ಳದೊಳಗೆ ಏನು ಸಿಗುತ್ತೆ ಅನ್ನೋದು. ಮಳೆಗಾಲ ಶುರುವಾಗಿ ಹಳ್ಳ ಕೆಂಪಾಗಿ ಏರಿದಾಗ ಮೀನು ಮೊಟ್ಟೆ ಇಡೋಕೆ ನೀರಿಗೆದುರಾಗಿ ಗದ್ದೆ ತನಕ ಹತ್ತಿ ಬರ್ತವೆ. ಅದಕ್ಕೇ ಹತ್ತುಮೀನು ಅನ್ನೋದು. ಆ ರಾತ್ರಿ ಬ್ಯಾಟರಿ, ಕತ್ತಿ ಹಿಡಿದು ಊರಿಗೂರೇ ಗದ್ದೆಬಯಲಲ್ಲಿ. ಬೇಸಿಗೆಯಲ್ಲಿ ಕಲ್ಲಿನ ಸಂದಿಗೆ ಕೈ ಹಾಕಿ ಏಡಿ. ಹತ್ತುಮೀನು ಯಾವ ಮಳೆಗೆ ಬಂತು, ಎಷ್ಟು ಬಂತು, ಏಡಿಯ ಗಾತ್ರ ಎಷ್ಟು, ಇದೆಲ್ಲ ಅಜ್ಜಿಗೆ ನೆನಪಿರುತ್ತೆ. ಯಾವ ಪುಸ್ತಕದಲ್ಲೂ ಬರೆದಿಡದ, ವರ್ಷವರ್ಷ ಸೇರಿದ ಲೆಕ್ಕ ಅದು.

ಈ ಲೆಕ್ಕಕ್ಕೆ ಒಂದು ದೋಷ ಇದೆ. ನೆನಪು ಸಾಯುತ್ತೆ. ಅಜ್ಜಿಗೆ ಹಳ್ಳ ತುಂಬ ಏಡಿ ನೆನಪು. ಚಿಕ್ಕಪ್ಪನಿಗೆ ಆಗೊಂದು ಈಗೊಂದು ಏಡಿ. ನನಗೆ ತಿಳಿನೀರೇ ಚೆಂದದ ಹಳ್ಳ. ಮೂರು ಜನಕ್ಕೂ ತಾವು ಚಿಕ್ಕವರಿದ್ದಾಗ ಕಂಡದ್ದೇ "ಸರಿಯಾದ ಹಳ್ಳ". ಮೀನುಗಾರಿಕೆ ವಿಜ್ಞಾನಿ ಡೇನಿಯಲ್ ಪೌಲಿ 1995ರಲ್ಲಿ ಇದನ್ನೇ ವಿವರಿಸಿದ್ರು: ಪ್ರತಿ ತಲೆಮಾರೂ ತಾನು ಕಂಡ ಸ್ಥಿತಿಯನ್ನೇ ಮೂಲ ಸ್ಥಿತಿ ಅಂದ್ಕೊಳ್ಳುತ್ತೆ, ಹಾಗಾಗಿ ಒಟ್ಟು ಎಷ್ಟು ಕಳೆದುಕೊಂಡೆವು ಅನ್ನೋದು ಯಾರಿಗೂ ಗೊತ್ತಾಗಲ್ಲ.

ಕುಪ್ಪಳ್ಳಿಗೆ ಈ ವಿಷಯದಲ್ಲಿ ಒಂದು ಅದೃಷ್ಟ ಇದೆ. ಇದು ಬರಹಕ್ಕಿಳಿದ ಊರು. 1904ರಲ್ಲಿ ಹುಟ್ಟಿದ ಕುವೆಂಪು ಬಾಲ್ಯ ಕಳೆದದ್ದು ಇಲ್ಲಿ. ಅವರ ಮಗ ತೇಜಸ್ವಿ 1938ರಲ್ಲಿ ಹುಟ್ಟಿದ್ದು ಇಲ್ಲೇ. ತಂದೆಯ ಆತ್ಮಕಥೆ 'ನೆನಪಿನ ದೋಣಿಯಲ್ಲಿ', 1967ರ 'ಮಲೆಗಳಲ್ಲಿ ಮದುಮಗಳು', ಮಗನ 'ಪರಿಸರದ ಕತೆ' ಇವನ್ನೆಲ್ಲ ಸಾಹಿತ್ಯ ಅಂತ ಓದ್ತೀವಿ. ಆದರೆ ಕಾಡು, ಮಳೆ, ಇಂಬಳ, ಮೀನು ಹೇಗಿದ್ದವು ಅನ್ನೋದಕ್ಕೂ ಅವು ಸಾಕ್ಷಿ. ಕವಿಮನೆ ನೋಡೋಕೆ, ಕವಿಶೈಲದಲ್ಲಿ ಸೆಲ್ಫಿ ತಗೊಳ್ಳೋಕೆ ಹೋದವರು ದಾರಿಯಲ್ಲಿ ದಾಟೋ ಮೋರಿಗಳ ಕೆಳಗೂ ಒಂದೊಂದು ಹಳ್ಳ ಇರುತ್ತೆ. ಅಲ್ಲಿ ಯಾರೂ ಗಾಡಿ ನಿಲ್ಲಿಸಲ್ಲ.

ಆದರೆ ಕಾದಂಬರಿ ಓದಿ ಹಳ್ಳಕ್ಕೆ ಮಾರ್ಕ್ಸ್ ಕೊಡೋಕಾಗಲ್ಲ. ಅದಕ್ಕೆ ಬೇರೆ ಅಳತೆ ಬೇಕು.

ಬಾಟಲಿ ಮತ್ತು ಹುಳ

ನದಿ ಗಲೀಜಾಗಿದೆ ಅಂತ ಅಂಕಿಯಲ್ಲಿ ಹೇಳಬೇಕಾದ ಕಷ್ಟ ಮೊದಲು ಬಂದದ್ದು ಕಾರ್ಖಾನೆ ಎದ್ದ ಯುರೋಪಿಗೆ. ಬ್ರಿಟನ್ನಿನಲ್ಲಿ 1898ರಲ್ಲಿ ಕೊಳಚೆ ನೀರಿನ ಬಗ್ಗೆ ಒಂದು ರಾಯಲ್ ಕಮಿಷನ್ ಕೂತಿತು. ಅದು 1912ರ ವರದಿಯಲ್ಲಿ ಹೇಳಿದ ಪರೀಕ್ಷೆಯೇ ಇವತ್ತಿನ ಬಿಒಡಿಗೆ ತಳಪಾಯ. ವಿಷಯ ಸುಲಭ. ನೀರಲ್ಲಿ ಕೊಳೆ ಇದ್ದರೆ ಅದನ್ನ ತಿನ್ನೋ ಬ್ಯಾಕ್ಟೀರಿಯಾ ಹೆಚ್ಚುತ್ತೆ, ಅವು ಆಮ್ಲಜನಕ ಬಳಸುತ್ತವೆ. ಬಾಟಲಿ ಮುಚ್ಚಿಟ್ಟು ಐದು ದಿನದಲ್ಲಿ ಎಷ್ಟು ಆಮ್ಲಜನಕ ಖಾಲಿಯಾಯ್ತು ನೋಡಿದ್ರೆ ಕೊಳೆ ಎಷ್ಟಿದೆ ಗೊತ್ತಾಗುತ್ತೆ. ಐದು ದಿನ ಯಾಕೆ? ಬ್ರಿಟನ್ನಿನ ನದಿ ಸಮುದ್ರ ಸೇರೋಕೆ ಅಷ್ಟೇ ದಿನ ಸಾಕು ಅನ್ನೋ ಲೆಕ್ಕ ಅಂತಾರೆ. ನಮ್ಮದು ಬಿಸಿಲಿನ ದೇಶ, ಬ್ಯಾಕ್ಟೀರಿಯಾ ಚುರುಕು. ಹಾಗಾಗಿ ಭಾರತದಲ್ಲಿ 27 ಡಿಗ್ರಿಯಲ್ಲಿ ಮೂರೇ ದಿನ ಇಟ್ಟು ನೋಡೋ ಪದ್ಧತಿ ಬಂತು.

ಹೆಚ್ಚು ಕಡಿಮೆ ಅದೇ ಹೊತ್ತಿಗೆ ಜರ್ಮನಿಯಲ್ಲಿ ಕೋಲ್ಕ್‌ವಿಟ್ಸ್ ಮತ್ತು ಮಾರ್ಸನ್ ಅನ್ನೋ ಇಬ್ಬರು ಬೇರೆ ದಾರಿ ಹಿಡಿದ್ರು. ನೀರನ್ನ ಕೇಳೋ ಬದಲು ನೀರಲ್ಲಿ ಬದುಕೋರನ್ನ ಕೇಳೋಣ ಅಂತ. ಕೊಳಕು ನೀರಲ್ಲಿ ಯಾವ ಸಸ್ಯ, ಯಾವ ಪ್ರಾಣಿ ಇರುತ್ತೆ, ಶುದ್ಧ ನೀರಲ್ಲಿ ಯಾವುದು ಅಂತ 1908 ಮತ್ತು 1909ರಲ್ಲಿ ಪಟ್ಟಿ ಪ್ರಕಟಿಸಿದ್ರು. ಈ ದಾರಿಯಲ್ಲೇ ಮುಂದೆ ಬ್ರಿಟನ್ನಿನಲ್ಲಿ 1976ರಲ್ಲಿ ಒಂದು ತಂಡ ಸೇರಿ ಬಿಎಂಡಬ್ಲ್ಯುಪಿ ಅನ್ನೋ ಅಂಕಪದ್ಧತಿ ತಯಾರಿಸಿತು. ಹೆಸರು ಕಾರ್ ಕಂಪನಿ ಥರ ಕೇಳಿಸಿದ್ರೂ ಕೆಲಸ ಹುಳ ಎಣಿಸೋದು.

ಪ್ರತಿ ಹುಳದ ಕುಟುಂಬಕ್ಕೂ 1ರಿಂದ 10ರ ತನಕ ಅಂಕ. ಸ್ವಲ್ಪ ಕೊಳಕಾದ್ರೂ ಸಾಯೋ ಸೂಕ್ಷ್ಮ ಜೀವಿಗೆ 10. ಚರಂಡಿಯಲ್ಲೂ ಬದುಕೋ ಎರೆಹುಳದ ಸಂಬಂಧಿಗಳಿಗೆ 1. ಸಿಕ್ಕ ಕುಟುಂಬಗಳ ಅಂಕ ಕೂಡಿಸಿ, ಕುಟುಂಬಗಳ ಸಂಖ್ಯೆಯಿಂದ ಭಾಗಿಸಿದ್ರೆ ಸರಾಸರಿ ಬರುತ್ತೆ. ಕ್ರಿಕೆಟ್ ಆವರೇಜ್ ಗೊತ್ತಿರೋರಿಗೆ ಇದು ಕಷ್ಟವೇ ಅಲ್ಲ.

ಎರಡು ದಾರಿಗೂ ಇರೋ ವ್ಯತ್ಯಾಸ ಇಷ್ಟು. ಬಾಟಲಿ ಆ ಕ್ಷಣದ ಫೋಟೋ. ನೀವು ತುಂಬಿಸಿದ ನೀರು ಆಗಲೇ ತುಂಗೆಗೆ ಹೋಗಿರುತ್ತೆ. ಹಿಂದಿನ ವಾರ ಯಾರೋ ಏನೋ ಚೆಲ್ಲಿದ್ರೆ ಅದರಲ್ಲಿ ಕಾಣಲ್ಲ. ಹುಳ ಹಾಗಲ್ಲ. ಕಲ್ಲಿನಡಿ ಕೆಲವು ವಾರಗಳಿಂದ ಒಂದು ವರ್ಷದ ತನಕ ಅಲ್ಲೇ ಇದ್ದು, ಬಂದದ್ದನ್ನೆಲ್ಲ ಅನುಭವಿಸಿರುತ್ತೆ. ಒಂಥರ ಡೈರಿ ಬರೆದಿಟ್ಟ ಹಾಗೆ.

ನಮ್ಮ ದೇಶ ಏನು ಮಾಡಿತು? 1974ರಲ್ಲಿ ಜಲಮಾಲಿನ್ಯ ತಡೆ ಕಾಯ್ದೆ ಬಂತು, ಅದೇ ವರ್ಷ ಕರ್ನಾಟಕದ ಮಂಡಳಿಯೂ ಹುಟ್ಟಿತು. ಕೇಂದ್ರ ಮಂಡಳಿ ನೀರನ್ನ ಎ, ಬಿ, ಸಿ, ಡಿ, ಇ ಅಂತ ಐದು ದರ್ಜೆ ಮಾಡಿತು. ಎ ಅಂದ್ರೆ ಸೋಂಕು ನಿವಾರಣೆ ಮಾತ್ರ ಮಾಡಿ ಕುಡಿಯಬಹುದಾದ ಮೂಲ: ಲೀಟರಿಗೆ ಕರಗಿದ ಆಮ್ಲಜನಕ 6 ಮಿಲಿಗ್ರಾಂ ಅಥವಾ ಹೆಚ್ಚು, ಬಿಒಡಿ 2 ಅಥವಾ ಕಡಿಮೆ. ಬಿ ಸ್ನಾನಕ್ಕೆ. ಸಿ ಪೂರ್ತಿ ಶುದ್ಧೀಕರಿಸಿ ಕುಡಿಯೋಕೆ. ಡಿ ಕಾಡುಪ್ರಾಣಿ ಮತ್ತು ಮೀನಿಗೆ. ಇ ನೀರಾವರಿಗೆ, ಕಾರ್ಖಾನೆಗೆ.

ಮೀನಿನ ಜಾಗ ನೋಡಿದ್ರಾ? ಕೆಳಗಿನಿಂದ ಎರಡನೇದು. ಮನುಷ್ಯ ಕುಡಿಯೋಕಾಗದ, ಮೀಯೋಕಾಗದ ನೀರು ಮೀನಿಗಾಯ್ತು ಅನ್ನೋ ಲೆಕ್ಕ. ಇದು ತಪ್ಪು ಅಂತ ಹೇಳ್ತಿಲ್ಲ. ಆ ಕಾಲಕ್ಕೆ ತುರ್ತು ಇದ್ದದ್ದು ಕಾರ್ಖಾನೆ ಪೈಪು, ಊರ ಚರಂಡಿ. 1980ರ ದಶಕದಲ್ಲಿ ತುಂಗೆ ಭದ್ರೆ ಕೂಡಿ ಹರಿಯೋ ಕೆಳಭಾಗದಲ್ಲಿ ಮೀನು ರಾಶಿ ಸತ್ತು ತೇಲಿದಾಗಲೇ ಜನ ಬೀದಿಗಿಳಿದದ್ದು. 2018ರಲ್ಲಿ ಕೇಂದ್ರ ಮಂಡಳಿ ದೇಶದ 351 ಕಲುಷಿತ ನದಿಭಾಗಗಳ ಪಟ್ಟಿ ಮಾಡಿದಾಗ ಕರ್ನಾಟಕದ 17 ಇದ್ದವು, ಪಾನಕ್ಕೆ ಹೆಸರಾದ ತುಂಗೆಯೂ ಸೇರಿ. ಅದಕ್ಕೆ ಅಳತೆಗೋಲು ಬಿಒಡಿ 3 ದಾಟಿರೋದು. ಯಮುನೆಯ ಮೇಲೆ ಡಚ್ ಸಹಕಾರದಲ್ಲಿ ನಡೆದ ಕೆಲಸದ ಬೆನ್ನಿಗೆ ಕೇಂದ್ರ ಮಂಡಳಿ ಹುಳಗಳ ಆಧಾರದ ಅಳತೆಯನ್ನೂ ರೂಪಿಸಿದೆ. ಆದರೆ ಸುದ್ದಿಗೆ ಬರೋದು, ಜನಕ್ಕೆ ಗೊತ್ತಿರೋದು ಬಾಟಲಿಯ ಅಂಕಿಗಳೇ.

ನನ್ನ ಲ್ಯಾಬ್ ವರದಿ ಯಾಕೆ ಚೆನ್ನಾಗಿ ಬಂತು ಅಂತ ಈಗ ಅರ್ಥ ಆಯ್ತು. ನಾನು ಕೇಳಿದ ಪ್ರಶ್ನೆ "ಇದು ನಮಗೆ ಆಗುತ್ತಾ?" ಅಂತ. ಅಜ್ಜಿ ಕೇಳಿದ್ದು "ಅಲ್ಲಿರೋರಿಗೆ ಆಗುತ್ತಾ?" ಅಂತ.

ನಾವು ಕಂಡದ್ದು

ಹಾಗಾಗಿ ಮಾರ್ಚಿನಲ್ಲಿ ಮತ್ತೆ ಹೋದೆ. ಬಿಳಿ ಪ್ಲಾಸ್ಟಿಕ್ ತಟ್ಟೆ, ಟೀ ಜರಡಿ, ಹಳೇ ಬ್ರಷ್. ಜೊತೆಗೆ ಹುಳಗಳನ್ನ ಗುರುತಿಸೋಕೆ ಬರೋ ಒಬ್ಬ ಸ್ನೇಹಿತೆ. ಮೊದಲು ಮೇಲೆ ಕಾನಿನೊಳಗೆ. ಮುಷ್ಟಿ ಗಾತ್ರದ ಕಲ್ಲು ಎತ್ತಿ ಮಗುಚಿದ್ರೆ ಚಪ್ಪಟೆ ಮೈಯ, ಬಾಲದಲ್ಲಿ ಮೂರು ಎಳೆ ಇರೋ ಮೇಫ್ಲೈ ಮರಿಗಳು ಓಡಾಡ್ತಿದ್ವು. ಮಳಲು, ಎಲೆಚೂರು ಅಂಟಿಸಿ ತನಗೇ ಕೊಳವೆ ಮನೆ ಕಟ್ಟಿಕೊಂಡ ಕ್ಯಾಡಿಸ್ ಹುಳ. ಎರಡು ಬಾಲದ ಸ್ಟೋನ್‌ಫ್ಲೈ ಮರಿ. ಈ ಮೂರು ಗುಂಪು ಒಟ್ಟಿಗೆ ಚೆನ್ನಾಗಿದ್ರೆ ಹಳ್ಳ ಚೆನ್ನಾಗಿದೆ ಅನ್ನೋದು ಜಗತ್ತಿನ ಎಲ್ಲ ಕಡೆ ಬಳಸೋ ಸುಲಭ ಸೂತ್ರ. ಜೊತೆಗೆ ಒಂದು ಸಣ್ಣ ಏಡಿ. ಅದರ ಫೋಟೋವನ್ನ ಆಮೇಲೆ ಅಜ್ಜಿಗೆ ತೋರಿಸಿದೆ. "ಇದು ಮರಿ," ಅಂದ್ರು.

ಆಮೇಲೆ ತೋಟದ ಕೆಳಗೆ. ನೀರು ಅಷ್ಟೇ ತಿಳಿ, ಕಲ್ಲು ಅದೇ ಥರದ್ದು. ಮಗುಚಿದ್ರೆ ಲೋಳೆ, ಹೂಳು. ಗಟ್ಟಿಜೀವದ ಒಂದು ಜಾತಿಯ ಮೇಫ್ಲೈ ಕೆಲವು, ಕೆಂಪು ನೂಲಿನಂಥ ಕೈರೋನೊಮಿಡ್ ಹುಳ ಬೇಕಾದಷ್ಟು. ಆ ಕೆಂಪು ಯಾಕೆ ಗೊತ್ತಾ? ನಮ್ಮ ರಕ್ತದಲ್ಲಿರೋ ಹಿಮೋಗ್ಲೋಬಿನ್ ಅದಕ್ಕೂ ಇದೆ. ಆಮ್ಲಜನಕ ಕಡಿಮೆ ಇರೋ ಕೆಸರಲ್ಲೂ ಬದುಕುತ್ತೆ. ಅಂಕಪದ್ಧತಿಯಲ್ಲಿ ಅದಕ್ಕೆ 2. ಸ್ಟೋನ್‌ಫ್ಲೈ ಒಂದೂ ಇಲ್ಲ. ಏಡಿ ಇಲ್ಲ.

ಮಧ್ಯೆ ಇರೋದು ಒಂದು ತೋಟ. ನಮ್ಮದೇ ತೋಟ.

ಮೈಲುತುತ್ತದ ನೂರು ವರ್ಷ

ಇಲ್ಲಿ ಒಂದು ಹಳೇ ಕತೆ ಹೇಳಲೇಬೇಕು. ಮಲೆನಾಡಿನ ಅಡಿಕೆಗೆ ದೊಡ್ಡ ಶತ್ರು ಕೊಳೆರೋಗ. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಆ ತೇವದಲ್ಲಿ ಕಾಯಿ ಕೊಳೆತು ಉದುರುತ್ತೆ. ಹಿಂದೆ ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆ ತಾಗದ ಹಾಗೆ ಕಾಪಾಡ್ತಿದ್ರು. ಮರ ಮರ ಹತ್ತಿ ಕಟ್ಟೋ ಕೆಲಸ.

1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಬಂದ್ರು. ಕೊಳೆರೋಗದ ಮೇಲೆ ಕೆಲಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದ್ರು, ಬೋರ್ಡೋ ದ್ರಾವಣ ಸಿಂಪಡಿಸಿ ಅಂತ ರೈತರಿಗೆ ತೋರಿಸಿಕೊಟ್ರು. ಫ್ರಾನ್ಸಿನ ದ್ರಾಕ್ಷಿತೋಟದಲ್ಲಿ 1885ರ ಸುಮಾರಿಗೆ ಬಳಕೆಗೆ ಬಂದ ಔಷಧಿ ಅದು: ಮೈಲುತುತ್ತ, ಸುಣ್ಣ, ನೀರು. ಎಷ್ಟೋ ಅಡಿಕೆ ಕುಟುಂಬಗಳು ಉಳಿದದ್ದು ಇದರಿಂದ. ನಮ್ಮ ಮನೆಯ ಮಕ್ಕಳು ಕಾಲೇಜಿಗೆ ಹೋದದ್ದೂ ಇದೇ ಔಷಧಿ ಉಳಿಸಿದ ಅಡಿಕೆಯಿಂದ. ಹಾಗಾಗಿ ಇದನ್ನ ವಿಷ ಅಂತ ಒಂದೇ ಮಾತಲ್ಲಿ ಬೈದು ಮುಗಿಸೋಕೆ ನನಗೆ ಬಾಯಿ ಬರಲ್ಲ.

ಆದರೆ ಲೆಕ್ಕ ನೋಡಿ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ. ಅದರ ಕಾಲುಭಾಗ ತಾಮ್ರ, ಅಂದ್ರೆ 250 ಗ್ರಾಂ. ಒಂದು ಲೀಟರ್ ದ್ರಾವಣದಲ್ಲಿ ಎರಡೂವರೆ ಗ್ರಾಂ. ಕುಡಿಯೋ ನೀರಿನ ಭಾರತೀಯ ಮಾನದಂಡ ಬೇರೆ ಮೂಲವಿಲ್ಲದಾಗ ಲೀಟರಿಗೆ 1.5 ಮಿಲಿಗ್ರಾಂ ತಾಮ್ರದವರೆಗೂ ಒಪ್ಪುತ್ತೆ. ನೀರಿನ ಸೂಕ್ಷ್ಮ ಜೀವಿಗಳಲ್ಲಿ ಕೆಲವಕ್ಕೆ 0.01, 0.02 ಮಿಲಿಗ್ರಾಂ ಸುಮಾರಿಗೇ ತೊಂದರೆ ಶುರು. ಮಲೆನಾಡಿನ ನೀರು ಖನಿಜಾಂಶ ಕಡಿಮೆ ಇರೋ ಮೆದು ನೀರು, ಅದರಲ್ಲಿ ತಾಮ್ರ ಇನ್ನೂ ಕಟು. ಮಿಕ್ಕಿದ ಒಂದೇ ಲೀಟರ್ ದ್ರಾವಣವನ್ನ ಹಳ್ಳದಲ್ಲಿ ತೊಳೆದ್ರೆ ಅದರ ತಾಮ್ರ 0.01ಕ್ಕೆ ಇಳಿಯೋಕೆ ಎರಡೂವರೆ ಲಕ್ಷ ಲೀಟರ್ ನೀರು ಬೇಕು. ಸುಣ್ಣ ಸೇರಿರೋದ್ರಿಂದ ತಾಮ್ರ ಎಲ್ಲ ಕರಗಿರಲ್ಲ ನಿಜ. ಕರಗದ್ದು ತಳದಲ್ಲಿ ಕೂರುತ್ತೆ. ಹುಳ, ಏಡಿ ಇರೋದೂ ತಳದಲ್ಲೇ.

ಮನುಷ್ಯನಿಗೆ ಪಾಸಾದ ನೀರು ಹುಳಕ್ಕೆ ಫೇಲಾಗಬಹುದು ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ಅಂದಹಾಗೆ ನನ್ನ ವರದಿಯಲ್ಲಿ ತಾಮ್ರದ ಸಾಲೇ ಇರಲಿಲ್ಲ. ನಾನೇ ಕೇಳಿರಲಿಲ್ಲ.

ಹಾಗಂತ ತಾಮ್ರವೇ ಏಡಿ ಕೊಂದಿತು ಅಂತ ನಾನು ತೀರ್ಪು ಕೊಡಲ್ಲ. ಅದೇ ತೋಟದಲ್ಲಿ ಈಗ ಕಳೆನಾಶಕ ಇದೆ. ಬೇಸಿಗೆಯಲ್ಲಿ ಹಳ್ಳಕ್ಕೆ ಪಂಪ್ ಇಟ್ಟು ಸ್ಪ್ರಿಂಕ್ಲರಿಗೆ ನೀರು ಎತ್ತುತ್ತಾರೆ. ದಂಡೆಯ ಮರ ಹೋಗಿ ಬಿಸಿಲು ಬೀಳುತ್ತೆ. ಜೆಸಿಬಿ ಮಾಡಿದ ದಾರಿಯಿಂದ ಹೂಳು ಇಳಿಯುತ್ತೆ. ಅಡಿಕೆ ಸಿಪ್ಪೆ ರಾಶಿ ದಂಡೆಯಲ್ಲೇ ಕೊಳೆಯುತ್ತೆ. ಹುಳದ ಡೈರಿ ಏನೋ ಆಗಿದೆ ಅಂತ ಹೇಳುತ್ತೆ. ಯಾರು ಮಾಡಿದ್ದು ಅಂತ ಹೇಳಲ್ಲ. ಅದನ್ನ ಹುಡುಕೋಕೆ ಬೇರೆ ಬೇರೆ ತಿಂಗಳಲ್ಲಿ, ಮೇಲೆ ಕೆಳಗೆ, ಮತ್ತೆ ಮತ್ತೆ ನೋಡಬೇಕು.

ಶರಾವತಿ ಕಲಿಸಿದ್ದು

ಹಾಗೆ ನೋಡಿದವರು ಪಕ್ಕದಲ್ಲೇ ಇದ್ದಾರೆ. ಶರಾವತಿ ಹುಟ್ಟೋದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಹೊಸನಗರ, ಸಾಗರ ದಾಟಿ ಹೋಗೋ ಆ ನದಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಈ ಜಲಾನಯನ ಪ್ರದೇಶದಲ್ಲಿ ವರ್ಷಗಟ್ಟಲೆ ಹಳ್ಳ ಹಳ್ಳ ಅಲೆದು ನೀರು, ಮೀನು, ಕಪ್ಪೆ, ಕಾಡು ಎಲ್ಲ ಒಟ್ಟಿಗೆ ಇಟ್ಟು ನೋಡಿತು. ಅವರು ಕಂಡದ್ದರಲ್ಲಿ ಮುಖ್ಯವಾದದ್ದು ಇದು: ಸ್ಥಳೀಯ ಜಾತಿ ಮರಗಳ ಕಾಡು ಹೆಚ್ಚಿರೋ ಕಡೆಯ ಹಳ್ಳ ವರ್ಷವಿಡೀ ಹರಿಯುತ್ತೆ. ಕಾಡು ಹಾಳಾದ, ಒಂದೇ ಜಾತಿ ನೆಡುತೋಪಾದ ಕಡೆಯ ಹಳ್ಳ ಮಳೆ ಮುಗಿದ ಕೆಲವು ತಿಂಗಳಿಗೇ ಒಣಗುತ್ತೆ. ಅಕೇಶಿಯಾ ಬೇಡ ಅಂತ ಶಿವಮೊಗ್ಗ ಜಿಲ್ಲೆಯ ಜನ ಹೋರಾಡಿದ್ದರ ಹಿಂದೆ ಈ ನೀರಿನ ಪ್ರಶ್ನೆಯೂ ಇತ್ತು.

ಅದೇ ಓಡಾಟದಲ್ಲಿ 2006ರಲ್ಲಿ ವಿಜ್ಞಾನಕ್ಕೇ ಹೊಸದಾದ ಎರಡು ಪುಟ್ಟ ಮೀನುಗಳು ದಾಖಲಾದವು. ಒಂದಕ್ಕೆ ಶರಾವತಿಯ ಹೆಸರು, ಇನ್ನೊಂದಕ್ಕೆ ಹೊಸನಗರ ತಾಲ್ಲೂಕಿನ ನಾಗೋಡಿಯ ಹೆಸರು: ಸ್ಕಿಸ್ಟುರಾ ಶರಾವತಿಯೆನ್ಸಿಸ್, ಸ್ಕಿಸ್ಟುರಾ ನಾಗೋಡಿಯೆನ್ಸಿಸ್. ಕಲ್ಲಿನ ತಳದಲ್ಲಿ ಬದುಕೋ ಬೆರಳುದ್ದದ ಮೀನುಗಳು. ಸ್ವಲ್ಪ ಯೋಚಿಸಿ. ಮನುಷ್ಯ ಚಂದ್ರನಿಗೆ ಹೋಗಿ ಬಂದು ಎಷ್ಟೋ ವರ್ಷ ಆದ್ಮೇಲೆ ಆ ಮೀನಿಗೆ ಹೆಸರು ಸಿಕ್ಕಿತು. ಹೆಸರು ಸಿಗೋ ಮೊದಲೇ ಇನ್ನೆಷ್ಟು ಹೋಗಿವೆಯೋ?

ಚಿಕ್ಕಪ್ಪನ ಜೊತೆ ಮಾತು

ಸಂಜೆ ತಟ್ಟೆಯ ಫೋಟೋಗಳನ್ನ ಚಿಕ್ಕಪ್ಪನಿಗೆ ತೋರಿಸಿದೆ. ಅವರು ಸುಮಾರು ಹೊತ್ತು ಝೂಮ್ ಮಾಡಿ ಮಾಡಿ ನೋಡಿದ್ರು. ಆಮೇಲೆ, "ಈಗ ಎಂತ, ಔಷಧಿ ಹೊಡೀಬೇಡಿ ಅಂತೀಯಾ? ಒಂದು ವರ್ಷ ಕೊಳೆ ಬಂದ್ರೆ ನೀನು ಬೆಂಗಳೂರಿಂದ ದುಡ್ಡು ಕಳಿಸ್ತೀಯಾ?" ಅಂದ್ರು. ಸಿಟ್ಟಲ್ಲ, ನಿಜವಾದ ಪ್ರಶ್ನೆ. ನನ್ನ ಹತ್ರ ಉತ್ತರ ಇರಲಿಲ್ಲ.

"ಡ್ರಮ್ ಎಲ್ಲಿ ತೊಳೀತೀರಿ ಚಿಕ್ಕಪ್ಪ?" ಅಂತಷ್ಟೇ ಕೇಳಿದೆ. ಅವರು ಮಾತಾಡಲಿಲ್ಲ. ಅಜ್ಜಿ ಒಳಗಿಂದ್ಲೇ, "ಹಳ್ಳದಾಗೆ, ಮತ್ತೆಲ್ಲಿ" ಅಂದ್ರು.

ಎರಡು ವಿಷಯ ಕೇಳ್ಕೊಂಡೆ. ಔಷಧಿ ಕಲಸೋದು, ಡ್ರಮ್ ತೊಳೆಯೋದು ಹಳ್ಳದಿಂದ ದೂರ, ತೊಳೆದ ನೀರು ಮತ್ತೆ ತೋಟದ ಸಿಂಪಡಣೆಗೇ. ಎರಡನೇದು, ದಂಡೆಯ ಉದ್ದಕ್ಕೂ ಒಂದೆರಡು ಮಾರು ಅಗಲ ಏನೂ ಕಡಿಯದೆ ಬಿಡೋದು. ಮೊದಲನೇದಕ್ಕೆ ಹೂಂ ಅಂದ್ರು. ಎರಡನೇದಕ್ಕೆ, "ಆ ಜಾಗದಲ್ಲಿ ಮೂವತ್ತು ಸಸಿ ಕೂರ್ತವೆ, ನೋಡಾಣ" ಅಂದ್ರು. ನೋಡಾಣ ಅಂದ್ರೆ ಏನು ಅಂತ ಮಲೆನಾಡಿನವರಿಗೆ ಗೊತ್ತು.

ಈ ಮಳೆಗಾಲ ಮುಗಿದ್ಮೇಲೆ ಮತ್ತೆ ಅದೇ ಎರಡು ಜಾಗದಲ್ಲಿ ಕಲ್ಲು ಮಗುಚ್ತೀನಿ. ಡ್ರಮ್ ದೂರ ಹೋದ ಮಾತ್ರಕ್ಕೆ ಏಡಿ ವಾಪಸ್ ಬರುತ್ತೆ ಅಂತ ಭರವಸೆ ಕೊಡಲಾರೆ. ಆದರೆ ಒಂದು ಸಮಾಧಾನ ಇದೆ. ಮೇಲೆ ಕಾನಿನಲ್ಲಿ ಅವು ಇನ್ನೂ ಇವೆ. ಕೆಳಗೆ ಜಾಗ ಸರಿಯಾದ್ರೆ ಇಳಿದು ಬರೋಕೆ ದೂರ ಇಲ್ಲ. ಮೇಲಿನದ್ದೂ ಹೋದ ದಿನ ಕೆಳಗಿನದ್ದನ್ನ ಏನು ಸರಿಮಾಡಿದ್ರೂ ಬರೋಕೆ ಯಾರೂ ಇರಲ್ಲ.

ನಿಮ್ಮೂರಲ್ಲೂ ಹಳ್ಳ ಇದ್ರೆ ನೀವೂ ನೋಡಿ. ಮಳೆಗಾಲದ ತುಂಬು ಹಳ್ಳಕ್ಕೆ ಮಾತ್ರ ಇಳೀಬೇಡಿ. ಒಬ್ಬರೇ ಹೋಗ್ಬೇಡಿ. ಅಭಯಾರಣ್ಯವಾದ್ರೆ ಅನುಮತಿ ಬೇಕು. ಹತ್ತು ಕಲ್ಲು ಸಾಕು. ಹುಳವನ್ನ ಒದ್ದೆ ತಟ್ಟೆಯಲ್ಲೇ ನೋಡಿ, ಫೋಟೋ ತೆಗೆದು, ವಾಪಸ್ ಬಿಡಿ. ಕಲ್ಲನ್ನ ಇದ್ದ ಹಾಗೇ ಇಡಿ, ಅದು ಯಾರದೋ ಮನೆ. ತಾರೀಕು, ಜಾಗ ಬರೆದಿಡಿ. ಮತ್ತೆ ಮನೆಯಲ್ಲಿ ಹಿರಿಯರಿದ್ರೆ, ಹಳ್ಳದಲ್ಲಿ ಏನೇನು ಸಿಗ್ತಿತ್ತು ಅಂತ ಕೇಳಿ ಫೋನಲ್ಲಿ ರೆಕಾರ್ಡ್ ಮಾಡಿ. ಆ ಲೆಕ್ಕ ಬೇರೆಲ್ಲೂ ಇಲ್ಲ.

ನಾನಂತೂ ಅಜ್ಜಿಯದ್ದನ್ನ ಮಾಡಿಟ್ಟಿದೀನಿ. ನಲವತ್ತು ನಿಮಿಷ ಇದೆ. ಅದರಲ್ಲಿ ಮೂವತ್ತು ನಿಮಿಷ ಏಡಿ ಸಾರಿನ ಬಗ್ಗೆ.